ಕಟ್ಟು ಹಾಕಿಸಿದ ಹಾರ್ಟು

ಮದುವೆಯ ಫೋಟೊಗೆ ಕಟ್ಟು ಹಾಕಿಸುವವರುಂಟು, ತೀರಿಹೋದ ಹಿರಿಯರ ಫೋಟೊಗೆ ಹಾಕಿಸುವವರುಂಟು. ತನ್ನ ಹಾರ್ಟಿನ ರಿಪೋರ್ಟಿಗೆ ಗಾಜು ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿಕೊಂಡ ಮಹಾಶಯ ಮಾತ್ರ ಇಡೀ ಹೂಟಗಳ್ಳಿಗೆ ಹುಚ್ಚಣ್ಣ ಒಬ್ಬನೇ. ಎಡಕ್ಕೆ ಮಾದಪ್ಪ, ಬಲಕ್ಕೆ ಚಾಮುಂಡಿ, ನಡುವೆ ಹುಚ್ಚಣ್ಣನ ಇಸಿಜಿ. ಶುಕ್ರವಾರ ಶುಕ್ರವಾರ ದೇವರ ಪಟ ಒರೆಸಿ ಕುಂಕುಮ ಇಡುವಾಗ ಅವನ ಹೆಂಡತಿ ಮಾದೇವಮ್ಮನಿಗೆ ಆ ನಡುವಿನದನ್ನು ಕಿತ್ತು ಹಿತ್ತಲಿನ ನೀರೊಲೆಗೆ ತುರುಕಬೇಕು ಅನ್ನಿಸುತ್ತಿತ್ತು. ತುರುಕುತ್ತಿರಲಿಲ್ಲ, ಅದನ್ನೂ ಒರೆಸುತ್ತಿದ್ದಳು. ಮನೆಯ ಮುಂದೆಯೇ ಹಿಟ್ಟಿನ ಗಿರಣಿ ಇಟ್ಟುಕೊಂಡವಳಿಗೆ ಧೂಳಿನ ಜೊತೆ ಜಗಳ ನಿತ್ಯದ ಪಾಡು, ಅದರಲ್ಲಿ ದೇವರು ಯಾರು, ಗಂಡ ಯಾರು ಎಂದು ನೋಡಿಕೊಂಡು ಕೂರಲು ಪುರುಸೊತ್ತಿರಲಿಲ್ಲ.

ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಹೂಟಗಳ್ಳಿ ಇನ್ನೂ ಹಳ್ಳಿಯಾಗಿತ್ತು. ಮಾವನಿಗೆ ರಾಗಿ ಹೊಲವಿತ್ತು. ಒಂದು ಬೆಳಿಗ್ಗೆ ಮಾವ ಆ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಬುತ್ತಿ ತೆಗೆದುಕೊಂಡು ಹೋಗಿ ಅದನ್ನು ಕಣ್ಣಾರೆ ಕಂಡವಳು ಮಾದೇವಮ್ಮ. ಬೇಸಾಯ ಮಾಡಿ ಹುರಿಗಟ್ಟಿದ ಮೈ ಮಾವನದು, ಹಿಂದಿನ ದಿನದವರೆಗೆ ಒಂದು ನೆಗಡಿ ಕೂಡ ಇರಲಿಲ್ಲ. ಈಗ ಆ ಹೊಲದ ಮೇಲೆ ಮೂರಂತಸ್ತಿನ ಮನೆಗಳೆದ್ದಿವೆ, ಬದು ಎಲ್ಲಿತ್ತು ಎಂದು ಹುಚ್ಚಣ್ಣನಿಗೇ ಗೊತ್ತಾಗುವುದಿಲ್ಲ. ಮಾದೇವಮ್ಮನಿಗೆ ಗೊತ್ತು. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಆ ಜಾಗ ದಾಟುವವರೆಗೆ ಅವಳು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಗಂಡನಿಗೆ ಮಾವನದೇ ಮೂಗು, ಮಾವನದೇ ನಡಿಗೆ, ಮಾವನದೇ ಹಟ. ಸಾವು ಕೂಡ ಅದೇ ಆಗಿಬಿಟ್ಟರೆ ಎಂಬುದೊಂದೇ ಅವಳ ಹೆದರಿಕೆ.

ಹುಚ್ಚಣ್ಣನಿಗೆ ಅಂಥ ಹೆದರಿಕೆ ಯಾವುದೂ ಇರಲಿಲ್ಲ. ಅಣ್ಣ ಮೂಗಯ್ಯನಾದ ಮೇಲೆ, ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಕಣ್ಣು ಮುಚ್ಚಿದ್ದರಿಂದ, ಸಾವಿನ ಕಣ್ಣು ಬೀಳದಿರಲಿ ಎಂದು ಅವನ ತಾಯಿ ಬೇಕೆಂದೇ ಈ ಹೆಸರಿಟ್ಟಿದ್ದಳಂತೆ. ಹೆಸರೇ ಕಾವಲಿಗಿರುವಾಗ ತನಗೇನು ಎಂದುಕೊಂಡು ಆತ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ, ಬಸ್ ಸ್ಟಾಪಿನಲ್ಲಿ ಬೀಡಿ ಸೇದಿ, ಮನೆಗೆ ಬಂದು ಮುದ್ದೆ ಉಂಡು ಮಲಗುತ್ತಿದ್ದ. ಆರೋಗ್ಯದ ಬಗ್ಗೆ ಯಾರಾದರೂ ಮಾತೆತ್ತಿದರೆ, ನಂಗೇನಾಗದೆ ಅನ್ನುವುದು ಅವನ ಒಂದೇ ಉತ್ತರ.

ಹಾಗಿದ್ದವನು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಹೋದ ವರ್ಷದ ಆಷಾಢದಲ್ಲಿ. ಎಲ್ಲೋ ಎಳೆಯ ಹುಡುಗರು ನಿಂತಲ್ಲೇ ಕುಸಿದರು, ಕೂತಲ್ಲೇ ಹೋದರು ಎಂದು ಟಿವಿಯವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲ. ಊರಿಗೆ ಊರೇ ಎದೆ ಮುಟ್ಟಿ ನೋಡಿಕೊಳ್ಳತೊಡಗಿತು. ಹುಚ್ಚಣ್ಣನ ಜೊತೆ ಕೆಲಸ ಮಾಡುವ ಚಂದ್ರು ಒಬ್ಬ ಹೋಗಿ ತೋರಿಸಿಕೊಂಡು ಬಂದ, ಅವನ ಹಿಂದೆ ಇಡೀ ಶಿಫ್ಟು ಹೊರಟಿತು. ಯಾರಿಗೂ ಏನೂ ಆಗಿರಲಿಲ್ಲ. ದಸರಾ ವಸ್ತುಪ್ರದರ್ಶನಕ್ಕೆ ಹೊರಟವರ ಹಾಗೆ ಹೊರಟರು. ಎಲ್ಲರೂ ಹೋಗುವಾಗ ತಾನೊಬ್ಬ ಉಳಿದರೆ ಮರ್ಯಾದೆಯಲ್ಲ ಎಂದು ಹುಚ್ಚಣ್ಣನೂ ಇಸ್ತ್ರಿ ಷರಟು ಹಾಕಿಕೊಂಡ. ಹೇಗೋ ಹೋಗುತ್ತಿದ್ದಾನಲ್ಲ, ಕೈ ಹಿಡಿದು ಎಳೆದುಕೊಂಡು ಹೋಗುವ ಕೆಲಸ ತಪ್ಪಿತು ಎಂದು ಮಾದೇವಮ್ಮನಿಗೆ ಖುಷಿಯೇ ಆಯಿತು. ಕಾಲೇಜಿಗೆ ಹೋಗುವ ಮಗಳು ಸಿಂಚನಳನ್ನೂ ಕರೆದುಕೊಂಡು ಅವಳೂ ಜೊತೆಗೆ ಹೊರಟಳು.

ಹೊರಡುವ ಮುಂಚೆ ಅವಳೊಂದು ಕೆಲಸ ಮಾಡಿದಳು. ಹಳೇ ಊರಿನ ಮಾರಮ್ಮನ ಗುಡಿಗೆ ಹೋಗಿ, ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಇವರ ಎದೆಯಲ್ಲಿ ಏನೂ ಇಲ್ಲ ಅಂತ ಬಂದರೆ ನಿನಗೊಂದು ಮರಿ ಕಡಿಸುತ್ತೀನಿ ತಾಯಿ ಎಂದು ಹರಕೆ ಹೊತ್ತಳು. ಹೆದರಿದ ಹೆಂಗಸು ಮಾಡುವುದೇ ಅದು. ಆಮೇಲಿನ ರಾಮಾಯಣವೆಲ್ಲ ಶುರುವಾದದ್ದು ಆ ಕುರಿಮರಿಯಿಂದ.

ಆಸ್ಪತ್ರೆಯಲ್ಲಿ ಜನವೋ ಜನ. ಮಗ್ಗುಲು ಬದಲಾಯಿಸಲು ಜಾಗವಿಲ್ಲ. ನಿಂತವರಲ್ಲಿ ಮುಕ್ಕಾಲು ಮಂದಿ ಗುಂಡುಕಲ್ಲಿನ ಹಾಗಿದ್ದರು. ಲೈನು ಹನುಮಂತನ ಬಾಲದಂತೆ ಬೆಳೆಯುತ್ತಿರುವಾಗ ಯಾರೋ ಒಬ್ಬ ಎದೆನೋವೆಂದು ಮುಂದೆ ಹೋಗಲು ನೋಡಿದ. ಹುಚ್ಚಣ್ಣ ಅವನನ್ನು ತಡೆದು, ಎದೆನೋವು ಎಲ್ಲರಿಗೂ ಇದೆ, ಲೈನಿನಲ್ಲಿ ಬಾ ಎಂದು ಹಿಂದಕ್ಕೆ ಕಳಿಸಿದ. ಅದನ್ನೊಂದು ಪರಾಕ್ರಮವೆಂದು ತಿಂಗಳಾನುಗಟ್ಟಲೆ ಹೇಳಿಕೊಂಡು ತಿರುಗಿದ. ಆ ಮನುಷ್ಯನಿಗೆ ಏನಾಯಿತೋ ಎಂದು ಮಾದೇವಮ್ಮ ಒಂದು ಸಲ ಕೇಳಿದ್ದಕ್ಕೆ, ನಿಂಗ್ಯಾಕೆ ಊರ ಉಸಾಬರಿ ಅಂದ.

ಎದೆಗೆ ವೈರು ಅಂಟಿಸಿದರು, ಓಡುವ ಮಷೀನಿನ ಮೇಲೆ ನಡೆಸಿದರು, ಸ್ಕ್ಯಾನು ಮಾಡಿದರು. ಕೊನೆಗೆ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸಿಂಚನಳಿಗಿಂತ ಸ್ವಲ್ಪ ದೊಡ್ಡವಳಿರಬಹುದಾದ ಹೆಣ್ಣುಮಗಳು, ತಾಳ್ಮೆಯವಳು.

“ಹಾರ್ಟಲ್ಲಿ ಈವತ್ತಿಗೆ ತೊಂದರೆ ಏನೂ ಕಾಣಿಸ್ತಿಲ್ಲ. ಆದರೆ ಬಿಪಿ ಜಾಸ್ತಿ ಇದೆ, ಕೊಲೆಸ್ಟ್ರಾಲ್ ಜಾಸ್ತಿ ಇದೆ. ನಿಮ್ಮ ತಂದೆಯವರು ಹಾಗೆ ಹೋಗಿದ್ದಾರೆ. ಬೀಡಿ ಬಿಡಬೇಕು, ಮಾತ್ರೆ ದಿನಾ ತಗೋಬೇಕು. ಈ ಟೆಸ್ಟು ಈವತ್ತಿನದು ಹೇಳುತ್ತೆ, ನಾಳೆಯದು ಹೇಳಲ್ಲ. ಎದೆ ಭಾರ ಅನ್ನಿಸಿದ್ರೆ ರಿಪೋರ್ಟ್ ನಾರ್ಮಲ್ ಇದೆ ಅಂತ ಮನೇಲಿ ಕೂರಬೇಡಿ, ಬಂದುಬಿಡಿ.”

ಇಷ್ಟೂ ಮಾತಿನಲ್ಲಿ ಹುಚ್ಚಣ್ಣನ ಕಿವಿಗೆ ಬಿದ್ದದ್ದು ಮೊದಲಿನ ಒಂದು ಸಾಲು. ಉಳಿದದ್ದೆಲ್ಲ ಗೋರ್ಕಲ್ಲಿನ ಮೇಲೆ ಮಳೆ ಸುರಿದ ಹಾಗೆ. ಬಾಗಿಲು ದಾಟುವ ಮೊದಲೇ ಅಣ್ಣ ಮೂಗಯ್ಯನಿಗೆ ಫೋನು ಹಚ್ಚಿ, ಹಾರ್ಟು ನಾರ್ಮಲ್ಲು, ಮರಿ ನೋಡು ಅಂದ.

ಮುಂದಿನ ಭಾನುವಾರ ಹರಕೆ ತೀರಿತು. ಮಾರಮ್ಮನಿಗೆ ಅರಿಸಿನ ಕುಂಕುಮ, ನೆಂಟರಿಗೆ ಬಾಡೂಟ. ಬೋಟಿಗೊಜ್ಜು, ತಲೆಮಾಂಸ, ಮುದ್ದೆ, ಕೊಬ್ಬು ತೇಲುವ ಸಾರು. ದೊಡ್ಡ ಪಾತ್ರೆಯ ಮುಂದೆ ಹೊಗೆ ಕುಡಿಯುತ್ತಾ ನಿಂತವಳು ಮಾದೇವಮ್ಮ. ಹಾರ್ಟು ಚೆನ್ನಾಗಿದೆ ಎಂದು ಹೇಳಿದ ಸಂತೋಷಕ್ಕೆ ಹಾರ್ಟಿಗೆ ಏನೇನು ಆಗದೋ ಅದನ್ನೆಲ್ಲ ಅವನ ಎಲೆಗೆ ಬಡಿಸಬೇಕಾಗಿ ಬಂತಲ್ಲ ಎಂದು ಅವಳಿಗೆ ಸೌಟು ಎಸೆಯುವಷ್ಟು ಸಿಟ್ಟು ಬಂತು. ಬಡಿಸುವುದಿಲ್ಲ ಅನ್ನಲು ಬಾಯಿಲ್ಲ, ಹರಕೆ ಅವಳದೇ. ಹುಚ್ಚಣ್ಣ ಮೂಳೆ ಹೀರುತ್ತಾ, ಪಂಕ್ತಿಯ ಆಚೆಯ ತುದಿಗೆ ಕೇಳುವಂತೆ, ಇನ್ನೊಂದು ಸೌಟು ಹಾಕಮ್ಮಿ, ನಾರ್ಮಲ್ಲು ಅಂತ ಡಾಕ್ಟ್ರೇ ಬರ್ದವ್ರೆ ಎಂದ. ಜನ ನಕ್ಕರು. ಪೇಟೆಯ ಅಗ್ರಹಾರದ ಕಡೆ ಹೋಗಿ ರಿಪೋರ್ಟಿಗೆ ಕಟ್ಟು ಹಾಕಿಸಿಕೊಂಡು ಬಂದದ್ದು ಅದರ ಮಾರನೆಯ ವಾರ.

ಅಲ್ಲಿಂದ ಶುರುವಾಯಿತು ನೋಡಿ ಅವನ ದರ್ಬಾರು. ಮೊದಲು ಬೀಡಿ ಸೇದುವಾಗ ಹೆಂಡತಿ ಬಂದರೆ ಕೈ ಹಿಂದಕ್ಕೆ ಹೋಗುತ್ತಿತ್ತು. ಈಗ ಗಿರಣಿಯ ಮುಂದಿನ ಕಟ್ಟೆಯ ಮೇಲೆಯೇ ಕಾಲಮೇಲೆ ಕಾಲು. ಮಾತ್ರೆ ಮೊದಲ ತಿಂಗಳು ನುಂಗಿದ, ಆಮೇಲೆ ನಾರ್ಮಲ್ ಇರುವವನಿಗೆ ಮಾತ್ರೆ ಯಾಕೆ ಎಂದು ನ್ಯಾಯ ತೆಗೆದ. ಬೆಳಿಗ್ಗೆ ವಾಕಿಂಗ್ ಹೋಗಿ ಎಂದರೆ ಗೋಡೆಯ ಕಡೆ ಬೆರಳು. ಉಪ್ಪಿನಕಾಯಿ ಕಡಿಮೆ ಮಾಡಿ ಎಂದರೆ ಗೋಡೆಯ ಕಡೆ ಬೆರಳು. ಮಾತಿಗೆ ಮಾತು ಕೊಡುವ ಗಂಡನ ಜೊತೆ ಬಾಳಬಹುದು, ಗೋಡೆ ತೋರಿಸುವ ಗಂಡನ ಜೊತೆ ಏನು ಹೇಳಿ ಬಾಳುವುದು? ಗಿರಣಿಗೆ ರಾಗಿ ತಂದ ಹೆಂಗಸರೆಲ್ಲ, ನಿಮ್ಮೆಜಮಾನ್ರ ಹಾರ್ಟು ಬೋ ಚೆನ್ನಾಗದಂತಲ್ಲ ಎಂದು ಕೇಳುವಾಗ ಮಾದೇವಮ್ಮ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ, ಹ್ಞೂ ಕಣ್ರವ್ವ, ತಲೆದೊಂದ್ ಟೆಸ್ಟ್ ಮಾಡುಸ್ಬೇಕಾಗದೆ ಅನ್ನುತ್ತಿದ್ದಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ತಮಟೆಯಾಗಿತ್ತು. ಅದು ಒಳಗಿದ್ದವನಿಗೂ ಕೇಳುತ್ತಿತ್ತು, ಕೇಳಲಿ ಎಂದೇ ಹೇಳುತ್ತಿದ್ದಳು.

ಈ ವರ್ಷ ಆಷಾಢ ಹತ್ತಿರ ಬಂತು. ಹುಚ್ಚಣ್ಣ ಹೊಸ ಪದ್ಧತಿ ಘೋಷಿಸಿದ. ವರ್ಷಕ್ಕೊಂದು ಟೆಸ್ಟು, ವರ್ಷಕ್ಕೊಂದು ಮರಿ. ಟೆಸ್ಟು ಇನ್ನೂ ಆಗಿಲ್ಲ, ಅಣ್ಣತಮ್ಮ ಸೇರಿ ಮರಿಯನ್ನು ಆಗಲೇ ಗೊತ್ತು ಮಾಡಿ ಮೂಗಯ್ಯನ ಹಿತ್ತಲಿನಲ್ಲಿ ಕಟ್ಟಿದ್ದರು. ನಾನು ಈ ಸಲ ಏನೂ ಹೊತ್ತುಕೊಂಡಿಲ್ಲ ಎಂದು ಮಾದೇವಮ್ಮ ಹೇಳಿದಳು. ಒಂದು ಸಲ ಹೊತ್ತರೆ ವರ್ಷಾ ವರ್ಷ ನಡೆಸಬೇಕು, ನಿಲ್ಲಿಸಿದರೆ ಅಮ್ಮ ಮುನಿಯುತ್ತಾಳೆ ಎಂದು ಮೂಗಯ್ಯ ಗಡ್ಡ ನೀವಿಕೊಂಡು ಶಾಸ್ತ್ರ ಹೇಳಿದ. ದೇವಿಗೆ ಮಾಂಸ ಬೇಕಿತ್ತೋ ಇಲ್ಲವೋ, ಶಾಸ್ತ್ರಕ್ಕೆ ಮಾತ್ರ ಹಸಿವು ಜೋರಾಗಿತ್ತು.

ಟೆಸ್ಟಿಗೆ ಇನ್ನೂ ಮೂರ್ನಾಲ್ಕು ದಿನ ಇರುವಾಗ ಒಂದು ಬೆಳಿಗ್ಗೆ ಮಾದೇವಮ್ಮ ಯಾರದೋ ರಾಗಿ ಬೀಸುತ್ತಿದ್ದಳು. ತಿಂಡಿಗೆ ಕರೆದರೂ ಹುಚ್ಚಣ್ಣ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ನಡುಮನೆಯ ಕುರ್ಚಿಯಲ್ಲಿ ಕೂತು ಎಡಗೈ ನೀವಿಕೊಳ್ಳುತ್ತಿದ್ದ. ಗ್ಯಾಸು ಅಂದ. ರಾತ್ರಿ ತಿಂದ ಕಡಲೆಬೀಜದ್ದು ಅಂದ. ಸೋಡಾ ತರಿಸು ಅಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅವನ ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ಅವಳಿಗೆ ಬದುವಿನ ಮೇಲೆ ಕೂತ ಮಾವನ ಹಣೆ ಕಣ್ಣಿಗೆ ಕಟ್ಟಿತು.

“ಏಳಿ, ಆಸ್ಪತ್ರೆಗೆ ಹೋಗಾನ” ಅಂದಳು.

“ನಂಗೇನಾಗದೆ? ಅಲ್ನೋಡು” ಎಂದು ಗೋಡೆಯ ಕಡೆ ಬೆರಳು ತೋರಿಸಿದ.

ಮಾದೇವಮ್ಮನಿಗೆ ಇಡೀ ವರ್ಷದ ರೋಸಿಕೆ ಒಟ್ಟಿಗೆ ನೆತ್ತಿಗೇರಿತು. ಗಿರಣಿ ನಿಲ್ಲಿಸಿದಳು, ಅರ್ಧ ಬೀಸಿದ ರಾಗಿಯನ್ನು ಹಾಗೇ ಬಿಟ್ಟಳು, ಸಿಂಚನಳಿಗೆ ಆಟೊ ಕರೆಯಲು ಹೇಳಿದಳು. ಹುಚ್ಚಣ್ಣ ಹೊಸಿಲಿನಲ್ಲಿ ನಿಂತು ಇನ್ನೊಂದು ತಕರಾರು ತೆಗೆದ, ಆ ಕಟ್ಟು ತಗೊಳ್ದೆ ನಾನು ಬರಲ್ಲ, ಡಾಕ್ಟ್ರಿಗೆ ತೋರುಸ್ಬೇಕು ಅಂತ. ಸಾಯುವ ಹೊತ್ತಿನಲ್ಲೂ ಬಿಡದ ಹಟ. ಅವಳು ಕುರ್ಚಿ ಹತ್ತಿ ಅದನ್ನು ಮೊಳೆಯಿಂದ ಕಿತ್ತು, ಅವನನ್ನು ಆಟೊದಲ್ಲಿ ಕೂರಿಸಿ, ತೊಡೆಯ ಮೇಲೆ ಇಟ್ಟಳು. ದಾರಿಯುದ್ದಕ್ಕೂ ಗಾಜಿನ ಮೇಲೆ ಅವನ ಬೆವರು ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಇಳಿದದ್ದೇ ತಡ, ಈ ಮಹಾನುಭಾವ ನೆಟ್ಟಗೆ ಹೋಗಿ ಚೆಕಪ್ಪಿನ ಲೈನಿನ ಬಾಲದಲ್ಲಿ ನಿಂತ. ಎಮರ್ಜೆನ್ಸಿ ಬಾಗಿಲಿಗೆ ಹೋಗೋಣ ಎಂದರೆ, ಎಮರ್ಜೆನ್ಸಿ ಯಾಕೆ, ಬರೀ ಚೆಕಪ್ಪು ಅನ್ನುತ್ತಾನೆ. ಅದೇ ಆಷಾಢ, ಅದೇ ಜನ, ಅದೇ ಗುಂಡುಕಲ್ಲುಗಳು. ಮಾದೇವಮ್ಮ ಮುಂದಿನವರನ್ನು, ಸ್ವಲ್ಪ ದಾರಿ ಬಿಡಿ, ಇವರಿಗೆ ಎದೆನೋವು ಎಂದು ಕೇಳಿಕೊಂಡಳು. ತಿಂಡಿ ಡಬ್ಬಿ ಹಿಡಿದ ಒಬ್ಬ ಭಾರೀ ಆಸಾಮಿ ತಿರುಗಿಯೂ ನೋಡದೆ ಹೇಳಿದ.

“ಎದೆನೋವು ಎಲ್ರಿಗೂ ಅದೆ ಕಣಮ್ಮ. ಲೈನಲ್ಲಿ ಬನ್ನಿ.”

ಹುಚ್ಚಣ್ಣ ಆ ಮಾತು ಕೇಳಿ ತಲೆ ತಗ್ಗಿಸಿದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಟ್ಟು ಕೈಯಿಂದ ಜಾರಿತು, ಸಿಂಚನ ಹಿಡಿದುಕೊಂಡಳು. ಆಗ ಮಾದೇವಮ್ಮ ಗಿರಣಿಯ ಗಂಟಲು ತೆಗೆದಳು.

“ನನ್ ಗಂಡ ಬೆವರ್ತಾವ್ನೆ, ಯಾರಾದ್ರೂ ಬನ್ನಿ.”

ಇಷ್ಟೇ ಕೂಗಿದ್ದು. ಆದರೆ ಇಪ್ಪತ್ತು ವರ್ಷ ಮೋಟರಿನ ಸದ್ದನ್ನು ಗೆದ್ದ ಗಂಟಲು. ಲೈನು ಎರಡು ಭಾಗವಾಯಿತು, ಒಳಗಿನಿಂದ ನರ್ಸೊಬ್ಬಳು ಓಡಿ ಬಂದಳು, ಗಾಲಿಕುರ್ಚಿ ಬಂತು. ಹುಚ್ಚಣ್ಣನನ್ನು ಕೂರಿಸಿಕೊಂಡು ಹೋದರು. ರಕ್ತನಾಳ ಕಟ್ಟಿಕೊಂಡಿದೆ, ಈಗಲೇ ಬಿಡಿಸಿ ಸ್ಟೆಂಟು ಹಾಕಬೇಕು ಎಂದು ಡಾಕ್ಟರು ಹೇಳಿದರು. ಹೋದ ವರ್ಷ ನಾರ್ಮಲ್ ಇತ್ತಲ್ಲ ಎಂದು ಸಿಂಚನ ಅಳುತ್ತಾ ಕೇಳಿದ್ದಕ್ಕೆ, ಹೋದ ವರ್ಷ ಇತ್ತು, ಆಮೇಲೆ ಮಾತ್ರೆ ತಗೊಂಡ್ರಾ, ಬೀಡಿ ಬಿಟ್ರಾ ಎಂದು ಅವರು ತಿರುಗಿ ಕೇಳಿದರು. ಮಾದೇವಮ್ಮ ಮಗಳ ಕೈಯಲ್ಲಿದ್ದ ಕಟ್ಟನ್ನು ಇಸಿದುಕೊಂಡು ಬೆಂಚಿನ ಮೇಲೆ ಬೋರಲು ಹಾಕಿದಳು.

ಅಷ್ಟರಲ್ಲಿ ಮೂಗಯ್ಯ ಏದುಸಿರು ಬಿಡುತ್ತಾ ಬಂದ. ಒಳ್ಳೆಯ ಮನುಷ್ಯನೇ, ತಮ್ಮನೆಂದರೆ ಜೀವ. ಬಂದವನೇ ಮಾದೇವಮ್ಮನ ಮುಂದೆ ಕೈಮುಗಿದು ನಿಂತ. “ಹೊತ್ಕೊ ಕಣವ್ವ. ಮಾರಮ್ಮಂಗೆ ಎರಡು ಮರಿ ಹೊತ್ಕೊ. ಹೋದ್ಸಲ ನೀನ್ ಹೊತ್ತಿದ್ಕೇ ಎಲ್ಲಾ ಸರಿಯಾಗಿದ್ದು.”

ಮಾದೇವಮ್ಮನ ಕೈ ತನ್ನಷ್ಟಕ್ಕೇ ಸೆರಗಿನ ತುದಿಗೆ ಹೋಯಿತು. ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಮಗಳಿಗೆ ಜ್ವರ ಬಂದಾಗ ಹೊತ್ತಿದ್ದಳು, ಗಿರಣಿಗೆ ಕರೆಂಟು ಸಿಗದಿದ್ದಾಗ ಹೊತ್ತಿದ್ದಳು. ಈಗ ಒಳಗೆ ಮಲಗಿರುವವನಿಗಾಗಿ ಎರಡಲ್ಲ, ಇಪ್ಪತ್ತು ಹೊರಲೂ ಅವಳು ತಯಾರಿದ್ದಳು. ಸೆರಗಿಗೆ ಗಂಟು ಹಾಕುವಷ್ಟರಲ್ಲಿ ಅವಳಿಗೆ ಆ ಪಂಕ್ತಿ ಕಾಣಿಸಿತು, ಕೊಬ್ಬು ತೇಲುವ ಸಾರು ಕಾಣಿಸಿತು, ಮೂಳೆ ಹೀರುತ್ತಾ ಇನ್ನೊಂದು ಸೌಟು ಕೇಳುವ ಗಂಡ ಕಾಣಿಸಿದ. ಅವಳು ಕೈ ಬಿಟ್ಟಳು.

“ನಾನು ಹೊತ್ಕೊಳಲ್ಲ ಭಾವ.”

ಮೂಗಯ್ಯ ತಬ್ಬಿಬ್ಬಾದ. ಗಂಡ ಸಾವಿನ ಬಾಯಿಯಲ್ಲಿರುವಾಗ ಇಂಥ ಮಾತೇ ಎಂದ. ನೀನು ಹೊರದಿದ್ದರೆ ನಾನು ಹೊರುತ್ತೀನಿ ಎಂದ. ನೀವು ಹೊತ್ತರೂ ಅಡಿಗೆ ಮಾಡುವವಳು ನಾನಲ್ಲ, ನನ್ನ ಮನೆಯಲ್ಲಿ ಪಾತ್ರೆ ಏರುವುದಿಲ್ಲ ಎಂದು ಮಾದೇವಮ್ಮ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ದೇವರ ಮುಂದೆ ಬರಿಗೈಯಲ್ಲಿ ನಿಂತದ್ದು ಅವಳ ಆಯುಸ್ಸಿನಲ್ಲಿ ಅದೇ ಮೊದಲು. ಈ ಸಲ ನಿನಗೆ ಏನೂ ಇಲ್ಲ ತಾಯಿ, ಸಿಟ್ಟು ಮಾಡಿಕೊಳ್ಳುವುದಾದರೆ ನನ್ನ ಮೇಲೆ ಮಾಡಿಕೊ, ಅವರನ್ನು ಬಿಡು ಎಂದು ಮನಸ್ಸಿನಲ್ಲೇ ಹೇಳಿದಳು. ತಾಯಿ ಕೇಳಿಸಿಕೊಂಡಳೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಒಳಗಿನ ಬಾಗಿಲು ತೆರೆಯುವವರೆಗೆ ಅವಳು ಪಟ್ಟ ಭಯ ಅವಳಿಗೇ ಗೊತ್ತು.

ಹುಚ್ಚಣ್ಣ ಉಳಿದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ನೋಡಲು ಬಂದ ನೆಂಟರೆಲ್ಲ ಕಿತ್ತಳೆಹಣ್ಣು ಕೊಟ್ಟು, ರಿಪೋರ್ಟ್ ಚೆನ್ನಾಗಿತ್ತಲ್ಲ ಎಂದು ತಲೆ ಆಡಿಸಿ, ಹೊರಗೆ ಹೋಗಿ ಮಾದೇವಮ್ಮನ ಎದೆ ಕಲ್ಲು ಎಂದು ಮಾತಾಡಿಕೊಂಡರು. ಅವರ ಮಾತು ಅವಳ ಕಿವಿಗೂ ಬಿತ್ತು. ಬೀಳಲಿ ಎಂದು ಬಿಟ್ಟಳು. ಆದರೂ ಊಟ ಸೇರಲಿಲ್ಲ.

ನೆಂಟರ ಓಡಾಟ ನಿಂತ ಒಂದು ಮಧ್ಯಾಹ್ನ ಹುಚ್ಚಣ್ಣ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಮಾದಪ್ಪನಿಗೂ ಚಾಮುಂಡಿಗೂ ನಡುವೆ ಖಾಲಿ ಮೊಳೆ. ಅದನ್ನೇ ನೋಡುತ್ತಾ ಮೆತ್ತಗೆ ಕೇಳಿದ.

“ಈ ಸಲ ಏನ್ ಹೊತ್ಕೊಂಡಿದ್ದೆ?”

“ಏನೂ ಇಲ್ಲ.”

“ಒಂದ್ ಕೋಳೀನೂ ಇಲ್ವಾ?”

“ಒಂದ್ ತೆಂಗಿನಕಾಯೀನೂ ಇಲ್ಲ.”

ಅವನ ಮುಖ ಸಣ್ಣದಾಯಿತು. ಎದೆ ನೋವಿಗೆ ಹುಳ್ಳಗಾಗದಿದ್ದ ಮುಖ ಈ ಮಾತಿಗೆ ಹುಳ್ಳಗಾಯಿತು. “ನಾನ್ ಹೋದ್ರೂ ಸರಿ ಅನ್ಸುಬುಡ್ತಾ?” ಅಂದ.

ಮಾದೇವಮ್ಮನಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಈ ಮನುಷ್ಯನಿಗೆ ಹೇಳಿ ಫಲವೇನು ಅನ್ನಿಸಿತು. ಆದರೂ ಹೇಳಿದಳು. “ನಾನ್ ಮಾರಮ್ಮಂಗೆ ಅಂತ ಹೊತ್ಕೊಂಡಿದ್ದು ಬರೋದು ನಿಮ್ಮೊಟ್ಟೆಗೇ ಕಣ್ರೀ. ದೇವ್ರ ಹೆಸ್ರೇಳಿ ನನ್ ಕೈಯಾರೆ ನಾನೇ ನಿಮ್ಗೆ ವಿಷ ಬಡ್ಸಿದಂಗಾಯ್ತದೆ. ಅದ್ಕೇ ಬರೀ ಕೈಲಿ ನಿಂತ್ಕೊಂಡಿದ್ದೆ. ಎಷ್ಟ್ ಭಯ ಆಗಿತ್ತು ಗೊತ್ತಾ ನಿಮ್ಗೆ.”

ಹುಚ್ಚಣ್ಣನಿಗೆ ಬೆರಳು ತೋರಿಸಲು ಗೋಡೆಯಲ್ಲಿ ಏನೂ ಉಳಿದಿರಲಿಲ್ಲ. ಖಾಲಿ ಮೊಳೆಯಿಂದ ಕಣ್ಣು ತೆಗೆದು, ಅಣ್ಣನ ಹಿತ್ತಲಿನಲ್ಲಿದ್ದ ಆ ಮರಿ ಏನಾಯಿತು ಎಂದು ಕೇಳಿದ.

“ಅದೂ ಬದ್ಕಿದೆ, ನೀವೂ ಬದ್ಕಿದ್ದೀರಿ.”

ಅವನು ದಿಂಬಿನಿಂದ ಸ್ವಲ್ಪ ಮೇಲಕ್ಕೆ ಎದ್ದು ಕೂತ. “ಆ ಮಾತ್ರೆ ಕೊಡು” ಎಂದು ಕೈ ಚಾಚಿದ. ಇಡೀ ವರ್ಷದಲ್ಲಿ ಅವನು ತಾನಾಗಿ ಅದನ್ನು ಕೇಳಿದ್ದು ಅದೇ ಮೊದಲು. ಮಾದೇವಮ್ಮ ಮಾತ್ರೆಯನ್ನೂ ನೀರಿನ ಲೋಟವನ್ನೂ ಕೊಟ್ಟು, ನುಂಗುವವರೆಗೆ ಎದುರಿಗೇ ನಿಂತು, ಬಾಯಿ ತೆರೆಸಿ ನೋಡಿದಳು. ಆಮೇಲೆ ಹೊರಗೆ ಬಂದು ಗಿರಣಿಯ ಸ್ವಿಚ್ಚು ಹಾಕಿದಳು. ಬೀಸಲು ಕಾಳು ಇರಲಿಲ್ಲ, ಬರೀ ಕಲ್ಲು ತಿರುಗುತ್ತಿತ್ತು. ಆ ಸದ್ದಿನಲ್ಲಿ ಅವಳು ಅತ್ತದ್ದು ಒಳಗೆ ಕೇಳಿಸಲಿಲ್ಲ.